ಹದಿನಾಲ್ಕನೆಯ ನಂಬರು

ಸೀರೆ ಮೊದಲು ಸವೆಯುವುದು ದಡಿಯಲ್ಲಿ,
ಅನ್ನುತ್ತಿದ್ದಳು ಅವ್ವ, ಹಲ್ಲಲ್ಲಿ ದಾರ ಕಚ್ಚಿಕೊಂಡು.
ಶಹಾಬಜಾರದ ಆರಡಿ ಅಂಗಡಿಯಲ್ಲಿ
ದಿನಕ್ಕೆ ಹದಿನೆಂಟು ಫಾಲು, ಹನ್ನೆರಡು ಪಿಕೊ,
ಮದುವೆ ದಿನಗಳಲ್ಲಿ ಅದರ ಎರಡರಷ್ಟು.
ನಡುವಿನ ಹೂವು ಬಳ್ಳಿ ನೋಡುವವರು ಬೇರೆ.
ಅವಳಿಗೆ ಊರಿನ ಸೀರೆಗಳೆಲ್ಲ ಸೇರಿ
ಒಂದೇ ಒಂದು ಉದ್ದನೆಯ ಅಂಚು.

ನನ್ನನ್ನೂ ಅಂಚಿಗೇ ನಿಲ್ಲಿಸಿದರು.
ಅಪ್ಪನ ಕೆರೆಯ ಸುತ್ತ ನಸುಕಿನಲ್ಲಿ ಓಡಿಸಿ
ಗಡಿಯಾರ ಎರಡು ಸಲ ನೋಡಿ
"ಮಹಾನಂದಾ, ನೀ ವಿಂಗರ್" ಎಂದರು ಮಶಾಕ ಸರ್.
ಬೆನ್ನಿಗೆ ಹದಿನಾಲ್ಕು.
ಬಲಗಾಲಿಗೆ ಮೊಳದಷ್ಟು ದೂರ ಸುಣ್ಣದ ಗೆರೆ.
ತುಳಿದರೆ ನೀನಿಲ್ಲ.

ಚೆಂಡು ಹಿಂದಕ್ಕೆ ಎಸೆದು
ಮುಂದಕ್ಕೆ ಹೋಗುವ ಆಟ ರಗ್ಬಿ.
ಕೈಯಿಂದ ಕೈಗೆ, ಹಿಂದಕ್ಕೆ, ಇನ್ನೂ ಹಿಂದಕ್ಕೆ,
ಕೊನೆಗೆ ನನಗೆ;
ಪಂಕ್ತಿಯ ತುದಿಗೆ ಕೂತವಳ ಎಲೆಗೆ
ಹೋಳಿಗೆ ಬಂದ ಹಾಗೆ.
ಬಂದರೆ.

ಮನಿಲಾದಲ್ಲಿ ಮೊದಲ ಪಂದ್ಯ.
ಚೀಲದ ಕಟಕ ರೊಟ್ಟಿ ಪುಡಿಯಾಗಿ
ಶೇಂಗಾ ಹಿಂಡಿಯಲ್ಲಿ ಬೆರೆತಿತ್ತು, ಚಮಚದಲ್ಲಿ ತಿಂದೆ.
ಎಂಬತ್ತು ನಿಮಿಷ, ಎರಡು ಸಲ ಮುಟ್ಟಿದೆ ಚೆಂಡು.
ರಾತ್ರಿ ಫೋನಿನಲ್ಲಿ ಅವ್ವ:
"ನಿನಗ ಆಡ್ಲಿಕ್ಕ ಕರ್ಕೊಂಡು ಹೋಗ್ಯಾರೋ,
ಹೊಲ ಕಾಯ್ಲಿಕ್ಕೋ?"

ಆರು ವರ್ಷ. ಒಂಬತ್ತು ಪಂದ್ಯ. ಒಂದು ಟ್ರೈ.
ತಾಷ್ಕೆಂಟಿನ ಚಳಿಯಲ್ಲಿ, ಸೋಲು ಖಚಿತವಾದ ಮೇಲೆ,
ಯಾರದೋ ಕೈತಪ್ಪಿದ ಚೆಂಡು ಪುಟಿದು ಎದೆಗೆ ಬಂತು.
ಅರವತ್ತು ಮೀಟರು ಗೆರೆಗುಂಟ.
ಬಟ್ಟೆ ಸರಿಯುತ್ತಿತ್ತು, ಸೂಜಿ ಗೆರೆ ಬಿಡಲಿಲ್ಲ.
ನೆಲಕ್ಕೆ ಚೆಂಡೊತ್ತಿ ಮಲಗಿದವಳ ಬಾಯಲ್ಲಿ
ಹುಲ್ಲು, ಮಣ್ಣು, ಸ್ವಲ್ಪ ಸುಣ್ಣ.

ಒಂಬತ್ತನೆಯದರಲ್ಲಿ ಮೊಣಕಾಲೊಳಗೆ ಟಕ್ಕೆಂದಿತು,
ಅವ್ವ ದಾರ ಕಡಿದ ಸದ್ದು.
ಸೊಲ್ಲಾಪುರದ ಡಾಕ್ಟರು ಪಟ್ಟಿ ಬಿಚ್ಚಿದ ದಿನ
ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು,
ಅಳಲಿಲ್ಲ.
"ಟಾಕಿ ಇನ್ನಾ ಸಣ್ಣ ಹಾಕಬೇಕಿತ್ತು" ಅಂದಳು.

ಈಗ ಜೇವರ್ಗಿ ರಸ್ತೆಯ ಶಾಲೆಯಲ್ಲಿ ಪಿ.ಟಿ. ಟೀಚರು.
ತೂತು ಡಬ್ಬಿಯಿಂದ ಸುಣ್ಣ ಸುರಿಯುತ್ತ
ಕಪ್ಪು ಮಣ್ಣಿನ ಮೇಲೆ ನಾನೇ ಗೆರೆ ಎಳೆಯುತ್ತೇನೆ.
ಮೊಣಕಾಲು ಮಳೆಗಿಂತ ಒಂದು ದಿನ ಮೊದಲೇ ನೋಯುತ್ತದೆ.
ಅಂಚಿಗೆ ನಿಲ್ಲಿಸಿದ ಆರನೇ ಇಯತ್ತೆಯ ಹುಡುಗಿ
ಬಿಸಿಲಿಗೆ ಕೈ ಅಡ್ಡ ಹಿಡಿದು ಕೇಳುತ್ತಾಳೆ:
"ಟೀಚರ್, ಇಲ್ಲಿಗಿ ಚೆಂಡು ಯಾವಾಗ ಬರ್ತದ?"

ಅವಳ ಹೆಬ್ಬೆರಳು ಗೆರೆಯ ಮೇಲಿತ್ತು.
ಒಳಗ ಬಾ, ಅಂದೆ.