ದಡಿ

ನನ್ನ ಶಬ್ದಕೋಶ ಹಳೇದು, ಹೊಲಿಗಿ ಬಿಚ್ಚೇದ.
ಫೇರಿ ಅಂದ್ರ ಯಕ್ಷಿಣಿ ಅಂತದ. ಎಲ್ಫ್ ಅಂದ್ರೂ ಯಕ್ಷಿಣಿ.
ಪಿಕ್ಸಿ ತಗದೆ: 'ಫೇರಿ ನೋಡಿ' ಅಂತ ವಾಪಸ ಕಳಿಸ್ತು,
ಕಚೇರ್ಯಾಗ ಈ ಕಿಟಕಿಯಿಂದ ಆ ಕಿಟಕಿಗೆ ಅಟ್ಟಿದಂಗ.

ಏಳನೇತ್ತಿ ದ್ರಾಕ್ಷಾಯಣಿ ಪೆನ್ಸಿಲ್ ಕಡಕೋತ ಕುಂತಾಳ.
"ಎಲ್ಲಾ ಒಂದ ಇದ್ರ ಇಷ್ಟ ಹೆಸರು ಯಾಕ ಇಟ್ರು, ಸರ್?"

ತಿಂಗಳಿಗೆ ಇನ್ನೂರು ಕೊಡ್ತಾರ ಇವರ ಮನ್ಯಾಗ.
ಗೊತ್ತಿಲ್ಲ ಅನ್ನಾಕ ಬರೂದಿಲ್ಲ.

ಇಳಕಲ್ಲ. ಸಂಜಿ ಏಳು. ಕರೆಂಟ್ ಹೋಗಿ ಬಂದದ.
ಪಡಸಾಲ್ಯಾಗ ಕುಣಿಮಗ್ಗ, ಅದರೊಳಗ ಅವರಾಯಿ ಅಂದಾನವ್ವ,
ಸೊಂಟದಿಂದ ಕೆಳಗ ನೆಲದಾಗ,
ಮೈಮ್ಯಾಲ ಬಣ್ಣ ಹೋದ ಮಿಲ್ಲಿನ ಸೀರಿ.

ಫೇರಿಗೆ ರೆಕ್ಕಿ ಇರ್ತಾವ, ಅಂದೆ.
"ಫೇರಿ ಅಂದ್ರ ಮುಂಜಾನೆ ಝೇಂಡಾ ಹಿಡದು ಓಣಿ ಸುತ್ತೂದಲ್ರೀ?"
ಅದಲ್ಲವಾ. ನಿಮ್ಮ ಗೆಳತಿ ಶಮೀಮನ ಮನ್ಯಾಗ
ಪರಿ ಅಂತಾರಲ್ಲ, ಹಂಗ. ಹೆಸರು ಕೇಳಿದ್ರ ಅಕ್ಕತಂಗಿ ಅನಸ್ತದ,
ಅಲ್ಲಂತ. ಬರೇ ನೆರಿಮನಿ.

ಎಲ್ಫಿಗೆ ಕಿವಿ ಚೂಪ.
ಪಿಕ್ಸಿ ಹಾದ್ಯಾಗ ಹೋಗವರ ಹಾದಿ ತಪ್ಪಿಸ್ತದ.
ಇಂಪ್ ಅನ್ನೂದು ಕಿಡಿಗೇಡಿ, ನಮ್ಮ ಇಂಪಿಗೂ ಅದಕ್ಕೂ
ಏನೂ ಸಂಬಂಧಿಲ್ಲ.
ನೋಮ್ ಬರಿವಾಗ ಮುಂದ ಜಿ ಹಾಕು, ಓದುವಾಗ ಬಿಡು.
"ಜಿ ಎಲ್ಲಿ ಹೋಗ್ತದ್ರೀ?"
ನೆಲದಾಗ. ಅದು ಇರೂದ ನೆಲದಾಗ.
ಹುಡುಗಿ ಮಗ್ಗದ ಕಡೆ ನೋಡಿತು.
ನಾನೂ.

ಇಷ್ಟರಾಗ ಅರ್ಧ ನಾನ ಹುಟ್ಟಿಸಿ ಹೇಳಿದ್ದು.
ಆಕಿಗೂ ಗೊತ್ತಾತು ಅಂತ ಕಾಣ್ತದ,
ಎದ್ದು ಹೋಗಿ ಮೂರು ಸೀರಿ ತಂದು ಮಡಿಲಾಗ ಹಾಕಿದಳು:
"ದಡಿ ನೋಡ್ರಿ. ಇದು ಗೋಮಿ, ಇದು ಪರಾಸಪೇಟಿ,
ಇದು ಚಿಕ್ಕಿ. ಗಿರಾಕಿಗೆ ಎಲ್ಲಾ ಒಂದ, ಕೆಂಪ ದಡಿ.
ನಾ ಕರೆಂಟ್ ಹೋದಾಗೂ ಬಟ್ಟಿಲೆ ಹೇಳ್ತೀನಿ.
ಅವರೂ ಕತ್ತಲಾಗ ಮುಟ್ಟಿ ನೋಡಿ ಹೆಸರಿಟ್ಟಿರಬೇಕ್ರಿ."

ಇಪ್ಪತ್ತು ವರ್ಷ ಇಂಗ್ಲೀಷ್ ಕಲಿಸೀನಿ.
ಸೆರಗಿನ ತುದಿ ಹಿಡಕೊಂಡು ಸುಮ್ಮ ಕುಂತೆ.

ಇನ್ನೊಂದು ಉಳದಿತ್ತು, ಬ್ರೌನಿ.
"ಬಸ್‌ಸ್ಟ್ಯಾಂಡ್ ಬೇಕರ್ಯಾಗ ಸಿಗ್ತದ್ರೀ, ನಲವತ್ತು ರೂಪಾಯಿ."
ಈ ಬ್ರೌನಿ ಬ್ಯಾರೆ. ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ
ಮನಿಗೆಲಸ ಮಾಡ್ತದ, ಯಾರ ಕಣ್ಣಿಗೂ ಬೀಳೂದಿಲ್ಲ.

ಲಾಳಿ ನಿಂತಿತು.
"ಪಗಾರ ಏನ ಕೊಡ್ತಾರಪಾ ಅದಕ್ಕ?" ಕುಣಿಯೊಳಗಿಂದ ಅಂದಾನವ್ವ.
ಒಂದು ಬಟ್ಟಲ ಹಾಲು, ಆಯಿ.
ಹೊಸಾ ಬಟ್ಟಿ ಮಾತ್ರ ಕೊಡಬಾರದಂತ.
ಕೊಟ್ರ ಉಟಗೊಂಡು ಹೋಗಿಬಿಡ್ತದ, ತಿರುಗಿ ಬರೂದಿಲ್ಲ.

ಮುದುಕಿ ನಕ್ಕಳು, ಕೆಮ್ಮು ಬರೂತನಕ ನಕ್ಕಳು.
"ಹಂಗಂದ್ರ ಖರೇ ಅದ.
ಐವತ್ತು ವರ್ಷ ಆತು, ನನಗ್ಯಾರೂ ಒಂದ ಸೀರಿ ಕೊಟ್ಟಿಲ್ಲ ನೋಡು,
ಇನ್ನೂ ಇಲ್ಲೇ ಅದೀನಿ."

ಮತ್ತ ಲಾಳಿ ಓಡಿತು.
ದ್ರಾಕ್ಷಾಯಣಿ ನೋಟಬುಕ್ಕಿನಾಗ ಬ್ರೌನಿ ಅಂತ ಬರದು
ಎದುರಿಗೆ ಏನೋ ಬರದಳು, ಕೈ ಅಡ್ಡ ಇಟಗೊಂಡು.
ನಾ ಕೇಳಲಿಲ್ಲ.