ಗುಲಾಬಿ ತೂತು, ಹಸಿರು ತೂತು

ಮೈಕು ಗುಲಾಬಿಗೆ, ಸ್ಪೀಕರು ಹಸಿರಿಗೆ.
ಹದಿನೇಳು ವರ್ಷದಿಂದ
ಹಾಸನದ ಮನೆಮನೆಯ ಮೇಜಿನಡಿ ತೂರಿ
ಇದೊಂದನ್ನೇ ಹೇಳಿಕೊಟ್ಟು ಬಂದವನು ನಾನು.
ಅದಲುಬದಲಾದರೆ ಏನೂ ಸುಡುವುದಿಲ್ಲ,
ಬರೀ ಮೌನ.
ಮೌನಕ್ಕೂ ನನ್ನ ವಿಸಿಟಿಂಗ್ ಚಾರ್ಜು ಇನ್ನೂರೈವತ್ತು.

'ಏನಾದರೂ ಮಾತಾಡಿ' ಅಂದರೆ ಸಾಕು,
ಯಾರಿಗೂ ಮಾತೇ ಹೊರಡುವುದಿಲ್ಲ.
ಹಲೋ ಹಲೋ ಅನ್ನುತ್ತಾರೆ, ಒನ್ ಟೂ ತ್ರೀ.
ವಿದ್ಯಾನಗರದ ಒಬ್ಬ ವಕೀಲರು ಕೆಮ್ಮಿದರು, ಅಷ್ಟೆ.
ಇನ್ನೊಂದು ಮನೆಯ ಮಗು ಮೈಕಿನ ಸ್ಪಂಜನ್ನೇ ಕಚ್ಚಿತು.

ರಾಜಮ್ಮಣ್ಣಿ ಮಾತ್ರ
ಎದೆ ತುಂಬ ಉಸಿರೆಳೆದು
'ತಣ್ಣೀರುಹಳ್ಳ! ತಣ್ಣೀರುಹಳ್ಳ ಇಳಿಯೋರು ಮುಂದೆ ಬನ್ನಿ,
ಬಾಗ್ಲಲ್ಲಿ ನಿಂತಿರೋ ಅಣ್ಣ, ಒಳಗೆ ಜಾಗ ಐತೆ'
ಅಂದಾಗ ಪರದೆಯ ಹಸಿರು ಕಡ್ಡಿ
ಹಳದಿ ದಾಟಿ ಕೆಂಪಿಗೆ ತಲೆ ಚಚ್ಚಿಕೊಂಡಿತು.
ಸಿಟಿ ಬಸ್ಸಿನಲ್ಲಿ ಇಪ್ಪತ್ತೊಂದು ವರ್ಷ.
ಗೇನ್ ಇಳಿಸಿದೆ. ಇನ್ನೂ ಇಳಿಸಿದೆ.
ದನಿ ಆಗಲೇ ಒಡೆದಿತ್ತು, ತಗ್ಗಿರಲಿಲ್ಲ.

ಬುಧವಾರ ಆಪರೇಷನ್.
ಗಂಟಲ ಪೆಟ್ಟಿಗೆ ಪೂರ್ತಿ ತೆಗೀತಾರಂತೆ.
ಇದನ್ನವರು ಹೇಳಿದ್ದು
ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಿ ಅನ್ನುವ ಹಾಗೆ.
'ಅಷ್ಟ್ರೊಳಗೆ ಬೇಕಾದ್ದು ತುಂಬಿಸಿ ಇಟ್ಕೋಬೇಕು ಕಣಪ್ಪ,
ಒಂದೊಂದು ಮಾತಿಗೆ ಒಂದೊಂದು ಗುಂಡಿ.'

ಹಳೆಯ ವೇಬಿಲ್ಲಿನ ಬೆನ್ನಿಗೆ ಪಟ್ಟಿ:
ಬಂದೆ, ತಡೀರಿ.
ಹಾಲು ನಾಳೆ ಬೇಡ.
ಅರ್ಧ ಕೆಜಿ ಸಾಕು.
ದೇವಮ್ಮಣ್ಣಿ, ಗ್ಯಾಸ್ ಆರ್ಸು.
ಯಾರ್ರೀ ಅದು ಗೇಟಿಗೆ ಅಡ್ಡ ಗಾಡಿ ನಿಲ್ಸಿರೋದು?
ಕೊನೆಯದೊಂದನ್ನು ಬರೆದು ಹೊಡೆದುಹಾಕಿದ್ದರು,
ನಾನು ಓದಲು ಹೋಗಲಿಲ್ಲ.
ಕೀಬೋರ್ಡಿನ ಮೇಲಿನ ಸಾಲಿಗೆ ಚೀಟಿ ಅಂಟಿಸಿದೆ.

ತಂಗಿ ದೇವಮ್ಮಣ್ಣಿ ಪಕ್ಕದ ಕೋಣೆಯಲ್ಲಿ
ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದರು.
ಮೈಕಿಗೆ ಭೇದವಿಲ್ಲ:
ಅಕ್ಕನ ಮಾತಿನ ಕೆಳಗೆ ಮಿಷಿನ್ನಿನ ಟಕಟಕ,
ಅದರ ಕೆಳಗೆ ಸಾಲಗಾಮೆ ರಸ್ತೆಯ ಆಟೋ,
ಎಲ್ಲಕ್ಕೂ ಕೆಳಗೆ ಫ್ಯಾನು.
ಗದ್ದಲ ಸೋಸುವುದಕ್ಕೆಂದೇ ಒಂದು ಚೌಕವಿದೆ, ಟಿಕ್ ಹಾಕಿದೆ.
ಮಿಷಿನ್ನು ಹೋಯಿತು. ಆಟೋ ಹೋಯಿತು.
ಮತ್ತೆ ಮೇಜಿನಡಿ ತೂರಿ ಸ್ಪೀಕರು ಸಿಕ್ಕಿಸಿದ್ದೇ ತಡ
ಕೀಂಯ್ ಎಂದು ಇಡೀ ಮನೆ ಕಿರುಚಿತು.
ಮೈಕಿನ ಮಾತು ಸ್ಪೀಕರಿಗೆ, ಸ್ಪೀಕರಿನದು ತಿರುಗಿ ಮೈಕಿಗೆ,
ಓಣಿಯಲ್ಲಿ ಚಾಡಿ ಬಲಿತ ಹಾಗೆ.
ಬೆಚ್ಚಿ ಎದ್ದವನ ನೆತ್ತಿ ಹಲಗೆಗೆ ಬಡಿದು
'ಅಯ್ಯಪ್ಪಾ!' ಅಂದೆ.

ರಾಜಮ್ಮಣ್ಣಿ ನಕ್ಕರು.
ಖಾಲಿ ಕೊಡ ಮೆಟ್ಟಿಲಿಳಿದ ಹಾಗೆ ಒಡಕು ನಗು,
ಕೆಮ್ಮಿ, ಸೆರಗಲ್ಲಿ ಕಣ್ಣೊರೆಸಿ, ಮತ್ತೆ ನಗು.
ಒಳಗೆ ಮಿಷಿನ್ನು ನಿಂತಿತು. ತಂಗಿಯೂ ನಕ್ಕರು.

ರೆಕಾರ್ಡಿಂಗ್ ನಡೆದೇ ಇತ್ತು. ಹಾಕಿ ಕೇಳಿದೆವು.
ನನ್ನ 'ಅಯ್ಯಪ್ಪಾ' ಗಾಜಿನಷ್ಟು ಸ್ಪಷ್ಟ.
ಆಮೇಲೆ ಹನ್ನೊಂದು ಸೆಕೆಂಡು
ಏನೇನೂ ಇಲ್ಲ.
ಗದ್ದಲವೆಂದು ಸೋಸಿಬಿಟ್ಟಿತ್ತು.
ಟಿಕ್ ತೆಗೆದೆ. 'ಇನ್ನೊಂದ್ಸಲ ನಗಿ ಅಕ್ಕ.'
'ಟಿಕೇಟು ಹರ್ದಂಗಲ್ಲ ಮಗ ನಗೋದು.
ಮುಂದಿನ ಸಾಲು ತಗೋ.'
ತಗೊಂಡೆ.

ಒಂದೂವರೆ ತಿಂಗಳ ಮೇಲೆ
ಎಡಗಡೆ ಸ್ಪೀಕರು ಮಾತಾಡ್ತಿಲ್ಲ ಎಂದು ತಂಗಿಯ ಫೋನು.
ಕರೆಗಂಟೆ ಒತ್ತಿದರೆ ಕಿಟಕಿಯಿಂದ
'ಬಂದೆ, ತಡೀರಿ',
ಕೆಂಪಿಗೆ ಕೂದಲೆಳೆ ಈಚೆಯ ಅದೇ ದನಿ.
ಬಾಗಿಲು ತೆಗೆದವರ ಕತ್ತಿಗೆ ತೆಳ್ಳನೆ ಹತ್ತಿಬಟ್ಟೆ.
'ಹೇಗಿದ್ದೀರಕ್ಕ?'
ಗುಂಡಿಗಳ ಹತ್ತಿರ ಹೋದರು, ಕನ್ನಡಕ ಹುಡುಕಿದರು,
ಸಿಗಲಿಲ್ಲ, ಅಂದಾಜಿಗೆ ಒಂದನ್ನು ಒತ್ತಿದರು:
'ಅರ್ಧ ಕೆಜಿ ಸಾಕು.'

ಅವರು ನನ್ನನ್ನು ನೋಡಿದರು. ನಾನು ಅವರನ್ನು.
ಮೊದಲು ಭುಜ ಕುಲುಕಿತು. ಕತ್ತಿನ ಬಟ್ಟೆ
ಪಟಪಟ ಎದ್ದು ಕೂತಿತು. ಕಣ್ಣು ತುಂಬಿ ಬಂತು.
ಬರೀ ಗಾಳಿ, ಹೋಗಿ ಬರುವ ಗಾಳಿ.
ಮೈಕಿನ ಕಡ್ಡಿ ಮಿಸುಕಲಿಲ್ಲ.

ಪಕ್ಕದ ಕೋಣೆಯಲ್ಲಿ
ಮಿಷಿನ್ನು ನಿಂತಿತು.