ಹೆಸರು ಕೊರೆಯುವಾಂವ

ಖಡೇಬಜಾರದ ಭಾಂಡಿ ಅಂಗಡಿಗಳ ಎದುರು
ಒಂದು ಸ್ಟೂಲು, ಒಂದು ಪ್ಲಗ್ಗು, ಕೈಮುಷ್ಟಿಯಷ್ಟು ಸೂಜಿ ಮಶಿನ್ನು.
ಮೂವತ್ತೆರಡು ವರ್ಷ ಬೆಳಗಾವಿಯ ಹೆಸರು ಕೊರದೀನಿ.
ಅಕ್ಷರಕ್ಕ ನಾಲ್ಕಾಣೆ ಇತ್ತು ಆವಾಗ, ಈಗ ಎರಡು ರೂಪಾಯಿ,
ಒತ್ತಕ್ಷರಕ್ಕ ಬ್ಯಾರೆ ಚಾರ್ಜು ಇಲ್ಲ.

ಮದುವಿ ತಾಟು, ಕೂಸಿನ ಬಟ್ಟಲ, ತೀರಿದವರ ನೆನಪಿಗೆ ತಂಬಿಗಿ,
ಕನ್ನಡದಾಗೊಂದು, ಮರಾಠಿಯೊಳಗೊಂದು,
'ಚಿ. ಸೌ. ಬಾಳವ್ವಗ ಸೋದರಮಾವನಿಂದ'
ಅಂತ ಬರದು ಊದಿದರ
ಬೆಳ್ಳನ ಪುಡಿ ಹಾರತಿತ್ತು.
ಬರೆಸಿದ ಎಲ್ಲಾರ ಮುಖದಾಗೂ ಒಂದು ತಣುಪು:
ಇನ್ನ ಇದು ನಮ್ಮದು.

ಒಬ್ಬ ಹೆಣಮಗಳು ಹಾಲಿನ ಗಿಂಡಿ ತಂದಳು,
ಮ್ಯಾಲಿನ ಹೆಸರು ತಗದು ಕೊಡು ಅಂದಳು.
ಯಾರದು ಅಂತ ನಾ ಕೇಳಲಿಲ್ಲ, ಅಕಿ ಹೇಳಲಿಲ್ಲ.
ಹಾಕೂದು ಬರತೈತಿ ತಂಗಿ, ತಗಿಯೂದು ಬರೂದಿಲ್ಲ.
ತಿಕ್ಕಿದರ ಗಾಯ ದೊಡ್ಡದಾಗತೈತಿ, ಅಷ್ಟ.
ಗಿಂಡಿ ಹೊಳ್ಳಿಸಿ ಹೊಳ್ಳಿಸಿ ನೋಡಿ
ಸೆರಗಿನಾಗ ಮುಚಿಗೊಂಡು ಹೋದಳು.

ಆ ರಾತ್ರಿ ನನ್ನ ಹಂಡೆ ನೆನಪಾತು.

ತಾಮ್ರದ್ದು. ಅವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿದರ
ಸಂಜಿಯ ಸೂರ್ಯ ಬಚ್ಚಲಕ್ಕ ಬಂದಂಗ.
ಹಿಸ್ಸೆ ಆಗೂ ಹಿಂದಿನ ರಾತ್ರಿ
ಮನ್ಯಾಗಿನವರು ಮಲಗಿದ ಮ್ಯಾಲ
ಮಶಿನ್ನಿಗೆ ಅರಿವಿ ಸುತ್ತಿ, ಸಪ್ಪಳ ಆಗಧಂಗ,
ಅದರ ಕಂಠಕ್ಕ ನನ್ನ ಹೆಸರು ಕೊರದಿದ್ದೆ.
ಮುಂಜಾನೆ ಪಂಚರು ಓದಿದರು: ಲಗಮಪ್ಪ.
ತಮ್ಮ ಓದಲಿಲ್ಲ. ನನ್ನ ಮುಖ ನೋಡಿದ.
ಹನ್ನೊಂದು ವರ್ಷ.
ಆ ಹಂಡೆಯೊಳಗ ಯಾವ ನೀರೂ
ಆ ನೋಟ ಕುದ್ದಂಗ ಕುದ್ದಿಲ್ಲ.

ವಡಗಾವಿಯ ಆಚೆ ತಗಡಿನ ವಿಹಾರ.
ಗೆಳೆಯ ಸಿದರಾಯ ಕರದ ಅಂತ ಒಂದು ರವಿವಾರ ಹೋದೆ.
ಪಕ್ಕದ ಓಣ್ಯಾಗ ಮಗ್ಗ ಟಕಟಕ ಅಂತಿದ್ದುವು.
ಉಸಿರು ನೋಡು ಅಂದರು.
ನೋಡಿದೆ: ಉಸಿರಿನಾಗ ಹಂಡೆ,
ಹಂಡೆಯೊಳಗ ತಮ್ಮ.
ಗ್ವಾಡಿ ಹಿಡದು ಎದ್ದು ಭಂತೇಜಿಗೆ ಅಂದೆ,
ನನ್ನ ಮೊಣಕಾಲು ಭಾಳ ನೋಯ್ತಾವ್ರಿ.
ಅವರು ನಕ್ಕರು.
ನೋವು ಐತಿ, ಖರೆ.
'ನನ್ನ' ಅನ್ನೂದು ಯಾರು ಕೊರದರು?

ನಾನೂ ಅದ ಕಸುಬಿನವ. ತಟ್ಟನೆ ತಿಳೀತು.
ತಿಳಿದದ್ದು ಕೈಗೆ ಇಳಿಯಾಕ
ಎರಡು ಚಳಿಗಾಲ ಬೇಕಾತು.

ಹಂಡೆ ರಿಕ್ಷಾದಾಗ ಇಟಗೊಂಡು ಅನಗೋಳಕ್ಕ ಹೋದೆ.
ಆಡೂ ಮಾತು ಬಾಯಿಪಾಠ ಮಾಡಿದ್ದೆ.
ತಮ್ಮ ಬಾಗಲಕ್ಕ ಬಂದ. ಮೀಸಿ ಬೆಳ್ಳಗಾಗಿತ್ತು.
ಹಂಡೆ ನೋಡಿದ. ನನ್ನ ನೋಡಿದ.
'ನಮ್ಮಲ್ಲಿ ಗೀಜರ್ ಐತಲ್ಲೋ ಅಣ್ಣಾ' ಅಂದ.

ಚಾ ಕುಡದ್ವಿ.
ಬಾಯಿಪಾಠದ ಮಾತು ಒಂದೂ ಹೊರಗ ಬರಲಿಲ್ಲ,
ಸಕ್ಕರಿ ಜಾಸ್ತಿ ಆಗಿತ್ತು.
ಹೊಳ್ಳಿ ಬರುವಾಗ ರಿಕ್ಷಾದಾಗ ನಗಿ ಹತ್ತಿತು ನನಗ,
ತಡಿಯಾಕ ಆಗಧಂಗ,
ಡ್ರೈವರ್ ಕನ್ನಡ್ಯಾಗ ನೋಡಿ ನೋಡಿ ತಾನೂ ನಕ್ಕ.
ಇಷ್ಟು ದಿನ ಎದಿಗೆ ಅವಚಿಕೊಂಡದ್ದು
ಬರೇ ನೀರು ಕಾಸೂ ಸಾಮಾನು!
ರಿಕ್ಷಾ ಮನೀಗೆ ತಿರುಗಿಸಲಿಲ್ಲ.

ಹೋದ ಹುಣ್ಣಿಮಿಗೆ ವಿಹಾರದ ಹಿತ್ತಲದಾಗ
ಅದರಾಗ ನೀರು ಕಾಸಿ, ಖೀರು ಉಂಡ ತಾಟು ತೊಳದ್ವಿ.
ಯಾವ ತಾಟಿನ ಮ್ಯಾಲೂ ಹೆಸರಿಲ್ಲ ಅಲ್ಲಿ.
ಈಗೀಗ ಓದಾಕ ಕಲತ ಒಂದು ಹುಡುಗಿ
ಕಂಠದ ಮಸಿ ಒರಸಿ ಕೂಡಿಸಿ ಓದಿತು:
ಲ... ಗ... ಮ... ಪ್ಪ.
ಯಾರ್ರೀ ಇಂವ?

ಇದ್ದ ಒಬ್ಬಾಂವ, ಅಂದೆ.
ಅದರ ರಾಡಿಗೈ ಮ್ಯಾಲ
ಒಂದು ಚರಗಿ ನೀರು ಹಾಕಿದೆ.
ಹದಕ್ಕ ಬಿಸಿ ಇತ್ತು.

ಸೋಮವಾರ ಮತ್ತ ಸ್ಟೂಲು, ಪ್ಲಗ್ಗು, ಗರ್‍ರ್ ಅನ್ನೂ ಸೂಜಿ.
ಹೆಸರು ಕೊರಿಯೂದು ಬಿಟ್ಟಿಲ್ಲ, ಹೊಟ್ಟಿ ಐತಿ.
ಆದರ ಈಗ
ಸ್ವಲ್ಪ ಹಗೂರ ಒತ್ತತೀನಿ.